ಡಾಕ್ಟ್ರೇ, ನೀವು ಮಲಗಿ ಎಷ್ಟು ಹೊತ್ತಾಯಿತು?

ಪತ್ರಿಕೋದ್ಯಮ ಡಿಪ್ಲೊಮಾದ ಮೊದಲ ವಾರ ನಮಗೆ ಕಲಿಸಿದ್ದು ಆರು ಪ್ರಶ್ನೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಜಿಲ್ಲಾ ಕೇಂದ್ರದಲ್ಲಿ ಸ್ಟ್ರಿಂಜರ್ ಆಗಿ ಹತ್ತು ವರ್ಷ ಕಳೆದ ಮೇಲೂ ಕಾಪಿ ಕಳಿಸುವ ಮುನ್ನ ಈ ಆರನ್ನು ಮನಸ್ಸಿನಲ್ಲೇ ಒಮ್ಮೆ ಎಣಿಸುತ್ತೇನೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಸುದ್ದಿಯೊಂದನ್ನು ಹೀಗೇ ಎಣಿಸಿಯೇ ಕಳಿಸಿದ್ದೆ. ಆರಕ್ಕೂ ಉತ್ತರ ಇತ್ತು. ಆದರೂ ಸುದ್ದಿ ತಪ್ಪಾಗಿತ್ತು. ಏಕೆಂದರೆ ಏಳನೆಯ ಪ್ರಶ್ನೆಯೊಂದನ್ನು ನಾನು ಕೇಳಿರಲಿಲ್ಲ.

ಅವತ್ತು ಬುಧವಾರ, ಸಂಜೆ ಐದರ ಹೊತ್ತು. ಪರಿಚಯದ ಆಟೊ ಹುಡುಗ ಫೋನ್ ಮಾಡಿದ. "ಅಣ್ಣಾ, ದೊಡ್ಡ ದವಾಖಾನ್ಯಾಗ ಗಲಾಟಿ ನಡದೈತಿ, ಲಗೂ ಬಾ." ಹೋದೆ. ಹೊಲಕ್ಕೆ ನೀರು ಹಾಯಿಸಲು ಹೋಗಿದ್ದ ಯುವಕನಿಗೆ ಹಾವು ಕಚ್ಚಿತ್ತು. ಕ್ಯಾಶುವಾಲ್ಟಿಯಲ್ಲಿ ತೀರಿಕೊಂಡಿದ್ದ. ಬಾಗಿಲಿನ ಗಾಜು ಪುಡಿಯಾಗಿ ಬಿದ್ದಿತ್ತು. ತಾಯಿ ಸ್ಟ್ರೆಚರಿನ ಕಾಲು ಹಿಡಿದು ಕೂತಿದ್ದಳು. "ಡಾಕ್ಟರ್ ನಿದ್ದಿ ಹೊಡೀತಿದ್ದ. ಎಬ್ಬಿಸಿದ ಮ್ಯಾಲ ಬಂದ" ಎಂದು ಸಂಬಂಧಿಕರೊಬ್ಬರು ಕೂಗುತ್ತಿದ್ದರು. ಬರೆದುಕೊಂಡೆ. ಒಳಗೆ ಗೋಡೆಗೆ ಒರಗಿ ನಿಂತಿದ್ದ ಡಾಕ್ಟರಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಏನಾಯಿತು ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ಮಾತಾಡಲಿಲ್ಲ. ‘ಪ್ರತಿಕ್ರಿಯೆ ನೀಡಲು ವೈದ್ಯರು ನಿರಾಕರಿಸಿದರು’ ಎಂದು ಅದನ್ನೂ ಬರೆದುಕೊಂಡೆ.

ಮರುದಿನ ಜಿಲ್ಲಾ ಪುಟದಲ್ಲಿ ಸುದ್ದಿ ಬಂತು. ‘ವೈದ್ಯರ ನಿದ್ದೆಗೆ ಯುವಕ ಬಲಿ?’ ಕೊನೆಯ ಪ್ರಶ್ನಾರ್ಥಕ ಚಿಹ್ನೆ ನಮ್ಮನ್ನು ಕೋರ್ಟಿನಿಂದ ಕಾಯುತ್ತದೆ ಎಂದು ಡೆಸ್ಕಿನವರು ನಂಬುತ್ತಾರೆ. ನಾನೂ ನಂಬಿದ್ದೆ. ಹೆಸರು ಹಾಕಿರಲಿಲ್ಲ, ಹಾಗಾಗಿ ಯಾರಿಗೂ ನೋವಾಗಿಲ್ಲ ಎಂದುಕೊಂಡಿದ್ದೆ.

ಮೂರು ವಾರದ ಮೇಲೆ ಆಸ್ಪತ್ರೆ ಎದುರಿನ ಚಹಾದಂಗಡಿಯಲ್ಲಿ ಆ ಡಾಕ್ಟರೇ ಸಿಕ್ಕರು. ನನ್ನನ್ನು ಗುರುತು ಹಿಡಿದರು. ಜಗಳಕ್ಕೆ ಬರುತ್ತಾರೆ ಅಂದುಕೊಂಡು ಮೈ ಬಿಗಿ ಹಿಡಿದೆ. ಅವರು ಪಕ್ಕದಲ್ಲಿ ಬಂದು ಕೂತು ಇಷ್ಟೇ ಹೇಳಿದರು: "ಸರ, ನಮ್ಮಪ್ಪ ದಿನಾ ನಿಮ್ಮ ಪೇಪರ್ ಓದ್ತಾರ್ರಿ. ಅವತ್ತ ಮುಂಜಾನಿ ಫೋನ್ ಮಾಡಿ, ‘ಏನಪಾ, ನಿಮ್ಮ ದವಾಖಾನ್ಯಾಗ ಹಿಂಗಾಗೇತಂತಲ್ಲ, ಆ ಡಾಕ್ಟರ್ ನೀ ಅಲ್ಲಲ್ಲ?’ ಅಂತ ಕೇಳಿದ್ರು. ನಾ ‘ಅಲ್ಲಪ್ಪಾ’ ಅಂದೆ."

ಆಮೇಲೆ ಒಂದೊಂದಾಗಿ ಹೇಳಿದರು. ಅವರು ಬೇರೆ ಊರಿನ ಮೆಡಿಕಲ್ ಕಾಲೇಜೊಂದರಲ್ಲಿ ಎಂ.ಡಿ. ಓದುತ್ತಿರುವ ಪಿಜಿ. ಮೂರು ತಿಂಗಳ ಡ್ಯೂಟಿಗೆ ನಮ್ಮ ಜಿಲ್ಲೆಗೆ ಬಂದವರು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಕಾಲಿಟ್ಟವರು ರಾತ್ರಿಯೆಲ್ಲ ಕ್ಯಾಶುವಾಲ್ಟಿ ನೋಡಿ, ಬುಧವಾರ ಬೆಳಗಿನ ಒಪಿಡಿಯನ್ನೂ ಮುಗಿಸಿ ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು. ಇಪ್ಪತ್ತು ನಿಮಿಷ ಆಗಿತ್ತಂತೆ. ಅಷ್ಟರಲ್ಲಿ ಹಾವು ಕಚ್ಚಿದ ಕೇಸು ಬಂತು, ಸಿಸ್ಟರ್ ಎಬ್ಬಿಸಿದರು, ಎದ್ದು ಓಡಿದರು. ಬೆಳಿಗ್ಗೆ ಕಚ್ಚಿಸಿಕೊಂಡ ಹುಡುಗ ನಾಟಿ ಮದ್ದು ಹಾಕಿಸಿಕೊಂಡು ದವಾಖಾನೆಗೆ ಬರುವಷ್ಟರಲ್ಲಿ ರೆಪ್ಪೆ ಜೋತುಬಿದ್ದು ಉಸಿರು ಕುಂದಿತ್ತು. ವಿಷಕ್ಕೆ ಇಂಜೆಕ್ಷನ್ ಹಾಕಿದರು. ವೆಂಟಿಲೇಟರ್ ಖಾಲಿ ಇರಲಿಲ್ಲ. ಬಾಯಿಗೆ ಕೊಳವೆ ಇಳಿಸಿ, ಆಂಬು ಬ್ಯಾಗನ್ನು ಕೈಯಲ್ಲೇ ಒತ್ತುತ್ತ ಎರಡು ತಾಸಿಗೂ ಹೆಚ್ಚು ಹೊತ್ತು ಅವನ ಉಸಿರು ಇವರೇ ಎಳೆದರು. ಉಳಿಸಿಕೊಳ್ಳಲಾಗಲಿಲ್ಲ.

"ನೀವು ಬಂದು ಕೇಳಿದಾಗ ಬಾಯಿ ತೆಗದ್ರ ಅಳು ಬರ್ತಿತ್ರಿ. ಅದಕ್ಕ ಸುಮ್ನಿದ್ದೆ" ಎಂದರು. ಆ ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿದಾಗ ಮೂವತ್ತಾರು ತಾಸಾಗಿತ್ತು. ಮಾರನೇ ದಿನದ ರೌಂಡ್ಸಿನಲ್ಲಿ ಹಿರಿಯರು ಕೇಳಿದ ಪ್ರಶ್ನೆ ಒಂದೇ: ಕೇಸ್ ಶೀಟ್ ಯಾಕೆ ಪೂರ್ತಿ ಬರೆದಿಲ್ಲ?

ಅವತ್ತು ಡ್ಯೂಟಿಯಲ್ಲಿದ್ದ ಸಿಸ್ಟರನ್ನೂ ಆಮೇಲೆ ಕಂಡು ಮಾತಾಡಿಸಿದೆ. ಅವರು ಹೇಳಿದ್ದೂ ಇದನ್ನೇ. ನಾನು ಅವತ್ತೇ ಕೇಳಬೇಕಿದ್ದ ಏಳನೆಯ ಪ್ರಶ್ನೆ ಏನು ಎಂಬುದು ಈಗ ನಿಮಗೂ ಗೊತ್ತಾಗಿರಬೇಕು. ಈ ಬರಹದ ತಲೆಬರಹವೇ ಅದು.

ಓದುವವರೂ ಅವರೇ, ದುಡಿಯುವವರೂ ಅವರೇ

ಎಂ.ಬಿ.ಬಿ.ಎಸ್. ಮುಗಿಸಿ, ನೀಟ್ ಪಿಜಿ ಬರೆದು, ಮೂರು ವರ್ಷದ ಎಂ.ಡಿ. ಅಥವಾ ಎಂ.ಎಸ್.ಗೆ ಸೇರಿದವರನ್ನು ನಾವು ಪಿಜಿಗಳು ಎನ್ನುತ್ತೇವೆ. ಕಾಗದದ ಮೇಲೆ ಇವರು ವಿದ್ಯಾರ್ಥಿಗಳು. ವಾಸ್ತವದಲ್ಲಿ ಬೋಧಕ ಆಸ್ಪತ್ರೆಗಳ ರಾತ್ರಿಗಳು ನಿಂತಿರುವುದೇ ಇವರ ಮೇಲೆ. ರಾತ್ರಿ ಎರಡು ಗಂಟೆಗೆ ನಿಮ್ಮ ತಾಯಿಯನ್ನು ಅಂಥ ದೊಡ್ಡ ಆಸ್ಪತ್ರೆಗೆ ಕರೆದೊಯ್ದರೆ ಮೊದಲು ಎದುರಾಗುವ ಡಾಕ್ಟರು ಬಹುತೇಕ ಪಿಜಿಯೇ ಆಗಿರುತ್ತಾರೆ. 2021ರಲ್ಲಿ ಸೇರಿದ ಬ್ಯಾಚಿನಿಂದ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವುದೂ ಕಡ್ಡಾಯವಾಗಿದೆ. ಹಾಗಾಗಿ ಇದು ಬೆಂಗಳೂರು, ಹುಬ್ಬಳ್ಳಿಯ ದೊಡ್ಡ ಕ್ಯಾಂಪಸ್ಸುಗಳ ಸಮಾಚಾರವಷ್ಟೇ ಅಲ್ಲ. ನಮ್ಮ ನಿಮ್ಮ ಬೀಟಿನ ಸುದ್ದಿ.

ಇವರ ಡ್ಯೂಟಿಗೆ ಲೆಕ್ಕ ಇಲ್ಲವೇ? ಇದೆ. ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ರೆಸಿಡೆಂಟ್ ವೈದ್ಯರ ಬಗ್ಗೆ ನಿರ್ದೇಶನ ಹೊರಡಿಸಿತ್ತು: ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ಬೇಡ. ಮೂವತ್ತು ವರ್ಷದ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ 2023ರ ಸ್ನಾತಕೋತ್ತರ ನಿಯಮಾವಳಿ ಗಂಟೆಯ ಲೆಕ್ಕವನ್ನೇ ಬಿಟ್ಟು, ‘ಸಮಂಜಸವಾದ ಕೆಲಸದ ಅವಧಿ’ ಮತ್ತು ‘ಸಮಂಜಸವಾದ ವಿಶ್ರಾಂತಿ’ ಎಂದಿತು. ಸಮಂಜಸ ಎಂದರೆ ಎಷ್ಟು? ಅದನ್ನು ನಿರ್ಧರಿಸುವವರು ಆಯಾ ವಿಭಾಗದ ಮುಖ್ಯಸ್ಥರು.

2024ರಲ್ಲಿ ಇದೇ ಆಯೋಗ ನೇಮಿಸಿದ್ದ ರಾಷ್ಟ್ರೀಯ ಕಾರ್ಯಪಡೆ ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ವರದಿ ಕೊಟ್ಟಿತು. ಅದರ ಅಧ್ಯಕ್ಷರು ನಮ್ಮ ನಿಮ್ಹಾನ್ಸ್‌ನ ಪ್ರಾಧ್ಯಾಪಕ ಡಾ. ಸುರೇಶ್ ಬಡ ಮಠ್. ಆನ್‌ಲೈನ್ ಸಮೀಕ್ಷೆಗೆ ದೇಶದಾದ್ಯಂತ 5,337 ಪಿಜಿಗಳು ಉತ್ತರಿಸಿದ್ದರು. ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತೇವೆ ಎಂದವರು ಶೇ 45. ವಾರದ ರಜೆ ಸರಿಯಾಗಿ ಸಿಗುವುದಿಲ್ಲ ಎಂದವರು ಶೇ 56. ತಮಗೆ ಮಾನಸಿಕ ಸಮಸ್ಯೆ ಇದೆಯೆಂದು ವೈದ್ಯರಿಂದಲೇ ಪತ್ತೆಯಾಗಿದೆ ಎಂದವರು ಶೇ 15.3. ಬದುಕೇ ಬೇಡ ಎನ್ನುವ ಯೋಚನೆ ತಮಗೆ ಬಂದಿತ್ತೆಂದು ಹೇಳಿಕೊಂಡವರು ಶೇ 31. ಸಮೀಕ್ಷೆಗೆ ಉತ್ತರಿಸಲು ಮುಂದೆ ಬಂದವರ ಲೆಕ್ಕ ಇದು, ಎಲ್ಲ ಪಿಜಿಗಳದ್ದಲ್ಲ. ಆದರೂ ಮೂವರಲ್ಲಿ ಒಬ್ಬರಿಗೆ ಹತ್ತಿರ.

ಕಾರ್ಯಪಡೆಯ ಶಿಫಾರಸು ಏನು ಗೊತ್ತೇ? ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಬೇಡ, ವಾರಕ್ಕೊಂದು ರಜೆ ಇರಲಿ, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಸಿಗಲಿ. 1992ರಲ್ಲಿ 48 ಎಂದದ್ದು 2024ರಲ್ಲಿ 74 ಆಯಿತು. ಅದನ್ನೇ ದೊಡ್ಡ ಸುಧಾರಣೆ ಎಂದು ಪಿಜಿಗಳು ಆಸೆಗಣ್ಣಿನಿಂದ ನೋಡುತ್ತಿದ್ದಾರೆ. ಅಷ್ಟಾದರೂ ಸಿಕ್ಕರೆ ಸಾಕು ಎನ್ನುವಂತಿದೆ ಅವರ ಸ್ಥಿತಿ.

ನಮ್ಮ ಊರಿನ ಬಸ್ ಡಿಪೊದಲ್ಲಿ ಯಾರನ್ನಾದರೂ ಕೇಳಿ ನೋಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಡ್ರೈವರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಸಾಮಾನ್ಯ ಮಿತಿ ಹಾಕಿತ್ತು. ನಿದ್ದೆಗೆಟ್ಟ ಡ್ರೈವರು ಐವತ್ತು ಜನರ ಜೀವ ತೆಗೆಯಬಲ್ಲ ಎಂಬುದು ಅಂದಿನ ಸರ್ಕಾರಕ್ಕೆ ಅರ್ಥವಾಗಿತ್ತು. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಆದರೆ ಅದು ಸುಮಾರು ಶೇ 0.10ಕ್ಕೆ ಸಮ. ನಮ್ಮಲ್ಲಿ ಶೇ 0.03 ದಾಟಿದರೆ ಪೊಲೀಸರು ಗಾಡಿ ಹಿಡಿಯುತ್ತಾರೆ. ಅಂದರೆ ಬೈಕ್ ಓಡಿಸಲು ಬಿಡದ ಸ್ಥಿತಿಯಲ್ಲಿರುವ ಮನುಷ್ಯನ ಕೈಗೆ ಸೂಜಿ ಕೊಟ್ಟು, ಆಮೇಲೆ ‘ನಿರ್ಲಕ್ಷ್ಯ’ ಎಂದು ಹೆಡ್‌ಲೈನ್ ಮಾಡುತ್ತೇವೆ.

ಬಿಟ್ಟು ಹೋಗಲೂ ಆಗದು, ಹೇಳಲೂ ಆಗದು

ನಿದ್ದೆ ಒಂದೇ ಸಮಸ್ಯೆಯಾಗಿದ್ದರೆ ರಜೆಯಲ್ಲಿ ಮಲಗಿ ಸುಧಾರಿಸಿಕೊಳ್ಳಬಹುದಿತ್ತು. ಈ ಬರಹಕ್ಕಾಗಿ ನಾಲ್ಕೈದು ಪಿಜಿಗಳೊಂದಿಗೆ ಮಾತಾಡಿದೆ. ಹೆಸರು, ಕಾಲೇಜು, ವಿಭಾಗ ಯಾವುದನ್ನೂ ಹೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವರು ಬಾಯಿ ಬಿಟ್ಟದ್ದು. ಆ ಹೆದರಿಕೆಗೂ ಕಾರಣ ಇದೆ.

ಪಿಜಿಯ ಥೀಸಿಸ್‌ಗೆ ಸಹಿ ಹಾಕುವವರು ಗೈಡ್. ಲಾಗ್‌ಬುಕ್ ನೋಡುವವರು, ರಜೆ ಕೊಡುವವರು, ಆಪರೇಷನ್ ಟೇಬಲ್ ಬಳಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವರು, ಕೊನೆಗೆ ಪರೀಕ್ಷೆಯಲ್ಲಿ ಕೂರುವವರು ಎಲ್ಲರೂ ಅದೇ ಮೂರ್ನಾಲ್ಕು ಜನ. ದೂರು ಕೊಡಬೇಕಾದದ್ದೂ ಅವರಿಗೇ, ಬಹಳ ಸಲ ದೂರು ಇರುವುದೂ ಅವರ ಮೇಲೆಯೇ. ಒಳ್ಳೆಯ ಗೈಡ್ ಸಿಕ್ಕರೆ ಮೂರು ವರ್ಷ ಕಷ್ಟವಾದರೂ ಕಳೆಯುತ್ತದೆ. ಸಿಗದಿದ್ದರೆ ಹಣೆಬರಹ. ಅಂಥ ಒಳ್ಳೆಯವರೂ ಬೇಕಾದಷ್ಟು ಇದ್ದಾರೆ ಎಂಬುದನ್ನು ನಾನು ಮಾತಾಡಿಸಿದವರೇ ಹೇಳಿದರು. "ನಮ್ ಮೇಡಂ ನೈಟ್ ಆದ್ಮೇಲೆ ಬೆಳಿಗ್ಗೆ ಫೋನ್ ಮಾಡಿ, ‘ತಿಂಡಿ ತಿಂದ್ಯೇನಮ್ಮ?’ ಅಂತ ಕೇಳ್ತಾರೆ ಸರ್. ಅದೊಂದಕ್ಕೇ ನಾನು ಕೋರ್ಸ್ ಬಿಟ್ಟಿಲ್ಲ" ಎಂದರು ಮೈಸೂರು ಕಡೆಯ ಒಬ್ಬ ಹುಡುಗಿ. ಕಳಿತದ್ದು ಒಬ್ಬರ ಒಳ್ಳೆಯತನದಿಂದ. ಆದರೆ ಒಂದು ವ್ಯವಸ್ಥೆ ಯಾರೋ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಇನ್ನೊಂದು, ಡಾಕ್ಟರಿನದಲ್ಲದ ಕೆಲಸ. ರಕ್ತದ ಮಾದರಿ ಹಿಡಿದು ಲ್ಯಾಬಿಗೆ ಓಡುವುದು, ರಿಪೋರ್ಟಿಗೆ ಬೆನ್ನು ಹತ್ತುವುದು, ವಾರ್ಡ್‌ಬಾಯ್ ಇಲ್ಲದಾಗ ಟ್ರಾಲಿ ತಳ್ಳುವುದು, ವಿಮೆ ಯೋಜನೆಯ ಫಾರಂ ತುಂಬುವುದು. ಮೊದಲ ವರ್ಷದ ಪಿಜಿಯ ದಿನದ ಬಹುಪಾಲು ಇದರಲ್ಲೇ ಹೋಗುತ್ತದೆ. ಖಾಲಿ ಬಿದ್ದ ಡಿ ಗ್ರೂಪ್ ಹುದ್ದೆ ತುಂಬದೆ ಉಳಿಸಿದ ಹಣದ ಬಡ್ಡಿಯನ್ನು ಈ ಹುಡುಗರು ನಿದ್ದೆಯಲ್ಲಿ ಕಟ್ಟುತ್ತಿದ್ದಾರೆ.

ಭಾಷೆಯ ತೊಡಕೂ ಇದೆ. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಬಿಹಾರದಿಂದಲೋ ಕೇರಳದಿಂದಲೋ ಬಂದವರು ನಮ್ಮ ವಾರ್ಡಿನಲ್ಲಿ ‘ಎದಿ ಹಿಡಕೊಂಡೈತ್ರಿ, ಸುಸ್ತು ಸಂಕಟ’ ಎಂಬ ಮಾತಿನ ಮುಂದೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಾರೆ. ರೋಗಿಯ ಕಡೆಯವರಿಗೆ ಅದು ಸೊಕ್ಕಿನ ಹಾಗೆ ಕಾಣುತ್ತದೆ. ಕನ್ನಡ ಬಾರದ ಡಾಕ್ಟರ ಬಗ್ಗೆ ನಾವು ಸುದ್ದಿ ಮಾಡಿದ್ದೇವೆ. ರೋಗಿಯ ದೃಷ್ಟಿಯಿಂದ ಅದು ಸರಿಯೇ. ಆದರೆ ಬಂದ ಮೊದಲ ತಿಂಗಳು ಆ ಡಾಕ್ಟರಿಗೆ ಕನ್ನಡ ಕಲಿಸಲು ದಿನಕ್ಕೆ ಒಂದು ತಾಸು ಯಾರಾದರೂ ಬಿಟ್ಟುಕೊಟ್ಟಿದ್ದರೇ ಎಂದು ನಾವು ಕೇಳಲಿಲ್ಲ.

ಜಾತಿಯ ವಿಷಯ ಬಿಟ್ಟರೆ ಈ ಮಾತು ಪೂರ್ತಿಯಾಗದು. 2019ರ ಮೇ ತಿಂಗಳಲ್ಲಿ ಮುಂಬೈನ ಸ್ತ್ರೀರೋಗ ವಿಭಾಗದ ಪಿಜಿ, ಆದಿವಾಸಿ ಸಮುದಾಯದ ಡಾ. ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡರು. ಸಹೋದ್ಯೋಗಿಗಳ ಜಾತಿ ನಿಂದನೆಯೇ ಕಾರಣ ಎಂಬ ಆರೋಪದ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಮೀಸಲಾತಿಯಲ್ಲಿ ಬಂದವರನ್ನು ‘ನಿನ್ನ ರ‍್ಯಾಂಕ್ ಎಷ್ಟು?’ ಎಂದು ನಗುತ್ತಲೇ ಕೇಳುವುದನ್ನು ನಮ್ಮ ರಾಜ್ಯದ ಪಿಜಿಯೊಬ್ಬರೂ ಹೇಳಿದರು. ಕೇಳಿದವರು ಮರೆಯುತ್ತಾರೆ. ಕೇಳಿಸಿಕೊಂಡವರು ಮೂವತ್ತು ಗಂಟೆಯ ಡ್ಯೂಟಿಯ ಕೊನೆಗೆ ಅದನ್ನೇ ನೆನೆಯುತ್ತಾರೆ.

ಹೆಣ್ಣುಮಕ್ಕಳ ಪಾಡು ಇನ್ನೂ ಒಂದು ಹೆಜ್ಜೆ ಮುಂದೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದ ಪಿಜಿ ವೈದ್ಯೆಯ ಮೇಲೆ ಅತ್ಯಾಚಾರ ನಡೆಸಿ ಕೊಂದದ್ದು ಇಡೀ ದೇಶಕ್ಕೆ ಗೊತ್ತು. ಆಕೆ ಸೆಮಿನಾರ್ ಹಾಲಿನಲ್ಲಿ ಏಕೆ ಮಲಗಬೇಕಾಯಿತು ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲಾಸ್ಪತ್ರೆಯಲ್ಲೂ ಕೇಳಬಹುದು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಡ್ಯೂಟಿ ರೂಮು, ಅದಕ್ಕೆ ಸೇರಿದ ಶೌಚಾಲಯ ಎಷ್ಟು ಕಡೆ ಇದೆ? ಸುದ್ದಿ ಹುಡುಕುವವರಿಗೆ ಇಲ್ಲೊಂದು ಇದೆ.

ಇಷ್ಟೆಲ್ಲ ಇದ್ದರೆ ಬಿಟ್ಟು ಹೋಗಬಹುದಲ್ಲ ಎಂದು ಸುಲಭವಾಗಿ ಕೇಳುತ್ತೇವೆ. ಕೆಲವರು ಬಿಟ್ಟಿದ್ದಾರೆ ಕೂಡ. ಮಾಹಿತಿ ಹಕ್ಕಿನಡಿ ಆಯೋಗ ಕೊಟ್ಟ ಉತ್ತರವೊಂದರ ಪ್ರಕಾರ ಐದು ವರ್ಷದಲ್ಲಿ ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟ 1,270 ಜನರಲ್ಲಿ 1,117 ಮಂದಿ ಪಿಜಿಗಳು. ಬಿಡಲಾಗದವರನ್ನು ಹಿಡಿದಿಡುವುದು ಬಾಂಡ್. ನಡುವೆ ಸೀಟು ಬಿಟ್ಟರೆ ಲಕ್ಷಗಟ್ಟಲೆ ದಂಡ. ಈ ಪದ್ಧತಿ ಕೈಬಿಡಿ ಎಂದು ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಮಗನನ್ನು ಡಾಕ್ಟರ್ ಮಾಡಲು ಹೊಲ ಅಡ ಇಟ್ಟ ಮನೆಯಲ್ಲಿ ‘ಅಪ್ಪಾ, ನನಗೆ ಆಗ್ತಿಲ್ಲ, ಬರ್ತೀನಿ’ ಎನ್ನಲು ಎಷ್ಟು ಧೈರ್ಯ ಬೇಕು ಯೋಚಿಸಿ.

ಹಾಗಿದ್ದರೆ ಚಿಕಿತ್ಸೆ ತೆಗೆದುಕೊಳ್ಳಬಹುದಲ್ಲ? ಅವರೇ ಡಾಕ್ಟರು. ಆದರೆ ಅವರ ಕಾಲೇಜಿನ ಮನೋರೋಗ ವಿಭಾಗದ ಒಪಿಡಿಯಲ್ಲಿ ಕೂತಿರುವುದು ಅವರದೇ ಬ್ಯಾಚಿನ ಗೆಳೆಯ. ಚೀಟಿ ಮಾಡಿಸಲು ಸಾಲಿನಲ್ಲಿ ನಿಂತರೆ ಸಂಜೆಯೊಳಗೆ ಹಾಸ್ಟೆಲಿಗೆಲ್ಲ ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ಆ ಹಕ್ಕು ಎಲ್ಲರಿಗಿಂತ ಕಡಿಮೆ ಸಿಗುತ್ತಿರುವುದು ಬಹುಶಃ ಡಾಕ್ಟರುಗಳಿಗೇ.

ಯೋಗ ದಿನ ಸಾಲದು

ಕಾಲೇಜುಗಳು ಏನೂ ಮಾಡುತ್ತಿಲ್ಲ ಎಂದಲ್ಲ. ಒತ್ತಡ ನಿರ್ವಹಣೆ ಕಾರ್ಯಾಗಾರ, ಧ್ಯಾನ ಶಿಬಿರ, ಪ್ರೇರಣಾ ಭಾಷಣಗಳ ಪ್ರೆಸ್ ನೋಟ್ ನನ್ನ ವಾಟ್ಸ್‌ಆ್ಯಪಿಗೆ ಬರುತ್ತಲೇ ಇರುತ್ತವೆ. ಒಂದನ್ನು ವರದಿ ಮಾಡಲೂ ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಶುರುವಾದ ಭಾಷಣದಲ್ಲಿ ಹಿಂದಿನ ಸಾಲಿನ ಪಿಜಿಗಳು ಕೂತಲ್ಲೇ ನಿದ್ದೆ ಹೋಗಿದ್ದರು. ಅವರು ರಾತ್ರಿ ಡ್ಯೂಟಿ ಮುಗಿಸಿ ಬಂದವರು, ಹಾಜರಿ ಕಡ್ಡಾಯ ಎಂದು ಕರೆಸಿದ್ದರು. ಯೋಗವೂ ಬೇಡ, ಧ್ಯಾನವೂ ಬೇಡ ಎಂದು ನಾನು ಹೇಳುತ್ತಿಲ್ಲ. ನಿದ್ದೆ, ಊಟ, ರಜೆ, ಮರ್ಯಾದೆ ಕೊಡದೆ ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುವುದು ತಪ್ಪನ್ನು ಆ ಹುಡುಗನ ತಲೆಗೇ ಕಟ್ಟುವ ಇನ್ನೊಂದು ವಿಧಾನ. ನಾನು ಹೇಳಬೇಕೆಂದಿರುವುದು ಇದನ್ನೇ.

ಇದಕ್ಕೆ ಹಿರಿಯ ಡಾಕ್ಟರುಗಳ ಉತ್ತರ ನನಗೆ ಗೊತ್ತು. ‘ನಾವೂ ಹೀಗೇ ಕಲಿತದ್ದು. ರಾತ್ರಿ ಬರುವ ಕೇಸು ಹಗಲು ಬರುವುದಿಲ್ಲ. ಗಡಿಯಾರ ನೋಡುತ್ತ ಕೂತರೆ ಸರ್ಜನ್ ಆಗುವುದಿಲ್ಲ. ಪದೇ ಪದೇ ಡಾಕ್ಟರು ಬದಲಾದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಲುಪದೆ ರೋಗಿಗೇ ತೊಂದರೆ.’ ಇದರಲ್ಲಿ ಹುರುಳಿದೆ. ಕೈ ಪಳಗಲು ಕೇಸು ಬೇಕು, ಅದಕ್ಕೆ ತಾಸು ಬೇಕು. ಡ್ಯೂಟಿ ಬದಲಾಗುವಾಗ ಮಾಹಿತಿ ಸೋರಿಹೋಗುವುದೂ ನಿಜ. ಆದರೆ ಸೋರುವ ಮಾಹಿತಿಗೆ ಮದ್ದು ಸರಿಯಾದ ಹಸ್ತಾಂತರ, ಮೂವತ್ತಾರು ತಾಸಿನ ಎಚ್ಚರವಲ್ಲ. ಇನ್ನು ಟ್ರಾಲಿ ತಳ್ಳುವುದರಿಂದ, ರಿಪೋರ್ಟಿಗೆ ಓಡಾಡುವುದರಿಂದ ಯಾವ ಸರ್ಜನ್ನೂ ತಯಾರಾಗುವುದಿಲ್ಲ. ಆ ತಾಸುಗಳನ್ನು ಮೊದಲು ಕಳೆದು, ಉಳಿದದ್ದರ ಬಗ್ಗೆ ವಾದ ಮಾಡೋಣ.

ಇನ್ನೊಂದು ಆಕ್ಷೇಪ ನಮ್ಮವರದೇ. ‘ಆಶಾ ಕಾರ್ಯಕರ್ತೆಯರು ದುಡಿಯುವುದಿಲ್ಲವೇ? ಪೊಲೀಸರು? ಹೋಗಲಿ, ಕಾಲಂ ಲೆಕ್ಕದಲ್ಲಿ ಕಾಸು ಪಡೆಯುವ, ಹಬ್ಬಕ್ಕೂ ರಜೆ ಇಲ್ಲದ ನಾವು? ನಾಳೆ ಲಕ್ಷ ಎಣಿಸುವವರ ಬಗ್ಗೆ ಇಷ್ಟು ಮರುಕ ಏಕೆ?’ ನ್ಯಾಯವಾದ ಸಿಟ್ಟು. ಆದರೆ ಒಬ್ಬರಿಗೆ ನಿದ್ದೆ ಸಿಕ್ಕರೆ ಇನ್ನೊಬ್ಬರದ್ದು ಕಡಿಮೆಯಾಗುವುದಿಲ್ಲ. ಅದೂ ಅಲ್ಲದೆ ಪಿಜಿಯ ಕೈಗೆ ಸಿಗುವವರು ಯಾರು? ಖಾಸಗಿ ಆಸ್ಪತ್ರೆಯ ಎಸಿ ರೂಮಿಗೆ ಹೋಗಲಾಗದ ನಮ್ಮ ಅಪ್ಪ ಅಮ್ಮಂದಿರೇ. ಅವರ ಸಂಕಟಕ್ಕೆ ತಾಳ್ಮೆಯಿಂದ ಕಿವಿ ಕೊಡುವ ಡಾಕ್ಟರು ಬೇಕಾದರೆ ಆ ಡಾಕ್ಟರ ಸಂಕಟವನ್ನೂ ಯಾರಾದರೂ ಕೇಳಬೇಕು.

ಆಗಬೇಕಾದದ್ದು, ಆಗಬಹುದಾದದ್ದು

ದೊಡ್ಡ ಮಾತು ಬೇಡ. ನಮ್ಮ ಜಿಲ್ಲೆಯಲ್ಲೇ ನಾಳೆಯಿಂದ ಮಾಡಬಹುದಾದ ಕೆಲವನ್ನು ಹೇಳುತ್ತೇನೆ.

ಒಂದು, ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ಹಾಕುವ ಹಾಗೆ ಆಸ್ಪತ್ರೆಯಲ್ಲಿ ಡ್ಯೂಟಿ ಪಟ್ಟಿ ಹಾಕಲಿ. ಯಾರು ಯಾವಾಗ ಬಂದರು, ಯಾವಾಗ ಹೋಗಬೇಕು ಎಂಬುದು ಎಲ್ಲರಿಗೂ ಕಾಣಲಿ. ರಾತ್ರಿ ಡ್ಯೂಟಿ ಮಾಡಿದವರಿಗೆ ಮರುದಿನ ಬಿಡುವು ಎಂಬುದು ಕೃಪೆಯಾಗದೆ ನಿಯಮವಾಗಲಿ.

ಎರಡು, ರೋಗಿ ತೀರಿಕೊಂಡಾಗ ಆ ಸುದ್ದಿಯನ್ನು ಮನೆಯವರಿಗೆ ಹೇಳುವ ಹೊಣೆ ಅತಿ ಕಿರಿಯರ ಮೇಲೆ ಬೀಳಬಾರದು. ಹಿರಿಯರೊಬ್ಬರು ಬಂದು ಹೇಳಲಿ. ವೈದ್ಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾಯ್ದೆ ಇದೆ. ಆದರೆ ಕಾಯ್ದೆ ಬರುವುದು ಗಾಜು ಒಡೆದ ಮೇಲೆ. ಹಿರಿಯರ ಹತ್ತು ನಿಮಿಷದ ಮಾತು ಅದಕ್ಕಿಂತ ಮೊದಲೇ ಕೆಲಸ ಮಾಡುತ್ತದೆ. ಆಮೇಲೆ ಆ ಕಿರಿಯ ಡಾಕ್ಟರನ್ನು ಕೂರಿಸಿಕೊಂಡು, ಒಂದು ಲೋಟ ಚಹಾ ಕೊಟ್ಟು, ‘ಹೇಗಿದ್ದೀಯಪ್ಪಾ?’ ಎಂದು ಕೇಳಲಿ. ಕೇಸ್ ಶೀಟ್ ನಂತರ ಬರೆಯಬಹುದು.

ಮೂರು, ಆಪ್ತಸಮಾಲೋಚಕರು ಹೊರಗಿನವರಾಗಿರಲಿ. ಗೈಡ್ ಅಲ್ಲ, ವಿಭಾಗದವರಲ್ಲ, ಪರೀಕ್ಷೆಗೆ ಕೂರುವವರಂತೂ ಅಲ್ಲವೇ ಅಲ್ಲ. ಪಕ್ಕದ ಜಿಲ್ಲೆಯವರು ಫೋನಿನಲ್ಲಿ ಮಾತಾಡಿದರೂ ಆದೀತು. ಅಲ್ಲಿಯವರೆಗೆ ಟೆಲಿ ಮನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಇದನ್ನು ಓದುತ್ತಿರುವ ಪಿಜಿಗಳು ರೋಗಿಗಳಿಗೆ ಮಾತ್ರ ಈ ನಂಬರ್ ಬರೆದುಕೊಡಬೇಡಿ, ನಿಮ್ಮ ಫೋನಿನಲ್ಲೂ ಉಳಿಸಿಕೊಳ್ಳಿ.

ನಾಲ್ಕು, ಚಿಲಕ ಇರುವ ರೂಮು, ರಾತ್ರಿ ಎರಡಕ್ಕೆ ಬಿಸಿ ಅನ್ನ ಸಿಗುವ ಜಾಗ. ಇದಕ್ಕೆ ಸಮಿತಿ ಬೇಕಿಲ್ಲ.

ಐದನೆಯದು ಮನೆಯವರಿಗೆ. ಮಗಳು ಫೋನಿನಲ್ಲಿ ‘ಸಾಕಾಗಿದೆ’ ಎಂದಾಗ ‘ಇನ್ನೆರಡೇ ವರ್ಷ, ಅಡ್ಜಸ್ಟ್ ಮಾಡ್ಕೋ’ ಎನ್ನುವ ಮೊದಲು ಒಂದು ಸಲ ಬಸ್ ಹತ್ತಿ ಹೋಗಿ ನೋಡಿ ಬನ್ನಿ. ಡಾಕ್ಟರ್ ಮಗಳಿಗೂ ಅಮ್ಮನ ಕೈಯ ರೊಟ್ಟಿ ಬೇಕಾಗುತ್ತದೆ.

ಕೊನೆಯದು ನಮಗೆ, ಈ ಬ್ಲಾಗಿನಲ್ಲಿ ಬರೆಯುವ ಓದುವ ಗೆಳೆಯರಿಗೆ. ಡಾಕ್ಟರು ತಪ್ಪು ಮಾಡಿದರೆ ಬರೆಯಲೇಬೇಕು. ಲಂಚ ಕೇಳಿದವರನ್ನು, ಡ್ಯೂಟಿ ಬಿಟ್ಟು ಖಾಸಗಿ ಕ್ಲಿನಿಕ್ಕಿನಲ್ಲಿ ಕೂತವರನ್ನು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಕ್ಯಾಶುವಾಲ್ಟಿಯ ಗಲಾಟೆಯಲ್ಲಿ ಕೈಗೆ ಸಿಗುವವರು ಅವರಲ್ಲ, ಅವರ ಬದಲಿಗೆ ನಿಂತಿರುವ ಪಿಜಿ. ‘ವೈದ್ಯರ ನಿರ್ಲಕ್ಷ್ಯ’ ಎಂದು ಟೈಪ್ ಮಾಡುವ ಮುನ್ನ ಅವರು ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದಾರೆ, ಅವರ ಮೇಲಿನವರು ಆಗ ಎಲ್ಲಿದ್ದರು, ವೆಂಟಿಲೇಟರ್ ಎಷ್ಟಿದ್ದವು ಎಂದು ಕೇಳಿ. ಹಾಗೆಯೇ ವೈದ್ಯ ವಿದ್ಯಾರ್ಥಿಯ ಆತ್ಮಹತ್ಯೆಯ ಸುದ್ದಿ ಬಂದಾಗ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ ನೆನಪಿಡಿ. ಹೇಗೆ ಸತ್ತರೆಂದು ವಿವರಿಸಬೇಡಿ, ರೋಚಕ ತಲೆಬರಹ ಬೇಡ, ಕೊನೆಯಲ್ಲಿ ಸಹಾಯವಾಣಿ ಸಂಖ್ಯೆ ಇರಲಿ.

ಚಹಾದಂಗಡಿಯಲ್ಲಿ ಆ ಡಾಕ್ಟರನ್ನು ಕಂಡ ಮೇಲೆ ನಾನು ಡೆಸ್ಕಿಗೆ ಫೋನ್ ಮಾಡಿ, ಸ್ಪಷ್ಟೀಕರಣ ಹಾಕೋಣ ಎಂದು ಕೇಳಿದೆ. "ಮೂರು ವಾರದ ಹಳೇ ಸುದ್ದಿ, ಆಸ್ಪತ್ರೆಯವರೇ ಏನೂ ಕೇಳಿಲ್ಲ, ನಿಮಗ್ಯಾಕೆ?" ಎಂದರು. ನಾನೂ ಹೆಚ್ಚು ಒತ್ತಾಯಿಸಲಿಲ್ಲ. ಸ್ಟ್ರಿಂಜರ್ ಒತ್ತಾಯಿಸುವುದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು ನಿಮಗೂ ಗೊತ್ತು. ಅದು ನನ್ನ ಹೇಡಿತನವೇ.

ಹಾಗಾಗಿ ಆ ಸ್ಪಷ್ಟೀಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಆ ಯುವಕ ಡಾಕ್ಟರ ನಿದ್ದೆಯಿಂದ ಸಾಯಲಿಲ್ಲ. ಡಾಕ್ಟರು ಮೂವತ್ತು ತಾಸು ಡ್ಯೂಟಿ ಮಾಡಿದ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದ್ದರು, ಕರೆದ ಕೂಡಲೇ ಎದ್ದು ಬಂದರು, ಕೈ ಸೋಲುವವರೆಗೂ ಉಸಿರು ಕೊಟ್ಟರು. ಪ್ರತಿಕ್ರಿಯೆ ನೀಡಲು ಅವರು ನಿರಾಕರಿಸಿರಲಿಲ್ಲ. ಅವರಿಗೆ ಮಾತು ಬರಲಿಲ್ಲ.

ಅವರು ಈಗ ಕೋರ್ಸ್ ಮುಗಿಸಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಇದ್ದಾರೆ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದಾಗ, "ಬರೀರಿ ಸರ, ಹೆಸರ್ ಮಾತ್ರ ಬ್ಯಾಡ" ಎಂದರು. ಅಪ್ಪನಿಗೆ ಹೇಳಿದ್ದೀರಾ ಎಂದು ಕೇಳಿದೆ. ಇನ್ನೂ ಹೇಳಿಲ್ಲವಂತೆ. ಇದನ್ನು ಪ್ರಿಂಟ್ ತೆಗೆದು ತೋರಿಸುತ್ತೇನೆ ಎಂದಿದ್ದಾರೆ.